ಭಾಲ್ಕಿಗೆ ನಾಲ್ಕು ನೆರೆ: ರಾಜ್ಯ ಗೆಲ್ಲುವ ಆಟಕ್ಕೊಂದು ಮೊದಲ ನಕ್ಷೆ

ಒಂದು ಬಿಳಿ ಹಾಳೆ, ಪೆನ್ಸಿಲ್ಲು, ರಬ್ಬರು, ಎರಡು ದಾಳ, ಮೂರು ಬಗೆಯ ಕಾಳು ಒಂದೊಂದು ಹಿಡಿ. ಇಷ್ಟನ್ನು ಎದುರಿಗಿಟ್ಟುಕೊಂಡು ಕುಳಿತುಕೊಳ್ಳಿ. ರಾಜ್ಯ ಗೆಲ್ಲುವ ಆಟವನ್ನು ನೀವು ಇದುವರೆಗೆ ಆಡಿಲ್ಲದಿದ್ದರೂ ಅಡ್ಡಿಯಿಲ್ಲ. ಚಿತ್ರ ಬಿಡಿಸಲು ಬರುವುದಿಲ್ಲ ಎಂಬ ಅಳುಕಿದ್ದರೂ ಅಡ್ಡಿಯಿಲ್ಲ, ನನಗೂ ಬರುವುದಿಲ್ಲ. ಬೀದರಿನಲ್ಲಿ ಮಕ್ಕಳಿಗೆ ಪಾಠ ಹೇಳುತ್ತ, ಶನಿವಾರ ಮಧ್ಯಾಹ್ನ ಅವರ ಜೊತೆ ಶಾಲೆಯ ಪಡಸಾಲೆಯಲ್ಲಿ ಕುಳಿತು ಇಂಥ ನಕ್ಷೆಗಳನ್ನು ಬರೆಯುತ್ತ, ಅಳಿಸುತ್ತ ಕಲಿತದ್ದನ್ನು ಇಲ್ಲಿ ನಿಮಗೆ ಒಂದೊಂದೇ ಹೆಜ್ಜೆಯಾಗಿ ತೋರಿಸುತ್ತೇನೆ.

ಮೊದಲು ಆಟ ಎಂಥದ್ದು ಎಂದು ತಿಳಿಯೋಣ. ಒಂದು ನಾಡಿನ ನಕ್ಷೆ ಹಲವು ತುಂಡುಗಳಾಗಿರುತ್ತದೆ. ಒಂದೊಂದು ತುಂಡಿಗೆ ನಾವು ‘ಪ್ರಾಂತ’ ಎನ್ನೋಣ. ಪ್ರತಿ ಪ್ರಾಂತದಲ್ಲಿ ಯಾರಾದರೊಬ್ಬರ ‘ಪಡೆ’ ಇರುತ್ತದೆ. ನಮ್ಮಲ್ಲಿ ಪಡೆಯೆಂದರೆ ಕಾಳು. ನಿಮ್ಮ ಸರದಿ ಬಂದಾಗ ನಿಮಗೆ ಕೆಲವು ಹೊಸ ಕಾಳು ಸಿಗುತ್ತವೆ. ಅವನ್ನು ನಿಮ್ಮ ಪ್ರಾಂತಗಳಲ್ಲಿ ಇಟ್ಟು, ಪಕ್ಕದ ಪ್ರಾಂತದ ಮೇಲೆ ದಾಳಿ ಮಾಡಬಹುದು. ಗೆಲುವು ಸೋಲನ್ನು ದಾಳ ಹೇಳುತ್ತದೆ. ಆ ಪ್ರಾಂತದ ಕಾಳು ಮುಗಿದರೆ ಅದು ನಿಮ್ಮದು. ಈ ಬಗೆಯ ಆಟಗಳಲ್ಲಿ ಹೆಸರಾದದ್ದು ‘ರಿಸ್ಕ್’. ‘ದಿ ರೆಡ್ ಬಲೂನ್’ ಚಿತ್ರ ತೆಗೆದ ಫ್ರಾನ್ಸಿನ ನಿರ್ದೇಶಕ ಆಲ್ಬೇರ್ ಲಾಮೊರಿಸ್ ರೂಪಿಸಿದ ಆ ಆಟ 1957ರಲ್ಲಿ ಮಾರುಕಟ್ಟೆಗೆ ಬಂತು. ಅದರಲ್ಲಿ ಇಡೀ ಜಗತ್ತು 42 ಪ್ರಾಂತಗಳಾಗಿದೆ. ನಾವು ಜಗತ್ತಿಗೆ ಹೋಗುವುದು ಬೇಡ. ಬೀದರ್, ಭಾಲ್ಕಿ, ಔರಾದ್ ಸಾಕು.

ಈಗ ಬುನಾದಿಯ ಮಾತು. ಇದೊಂದು ಗಟ್ಟಿಯಾದರೆ ಮುಂದಿನದೆಲ್ಲ ಸಲೀಸು.

ನೀವು ಹುಲಿ-ಕುರಿ ಆಟ ಆಡಿರಬಹುದು. ಗುಡಿಯ ಕಟ್ಟೆಯ ಮೇಲೆ ಕೊರೆದಿರುವುದನ್ನಾದರೂ ನೋಡಿರುತ್ತೀರಿ: ತ್ರಿಕೋನದಂಥ ಒಂದು ಮನೆ, ಅದನ್ನು ಕತ್ತರಿಸುವ ಗೆರೆಗಳು, ಮೂರು ಹುಲಿ, ಹದಿನೈದು ಕುರಿ. ಅಲ್ಲಿ ಕುರಿಯನ್ನು ಎಲ್ಲಿ ಇಡುತ್ತೇವೆ? ಗೆರೆಗಳು ಕೂಡುವ ಚುಕ್ಕಿಯ ಮೇಲೆ. ಎಲ್ಲಿಗೆ ನಡೆಸುತ್ತೇವೆ? ಗೆರೆ ಎಳೆದಿರುವ ಕಡೆಗೆ ಮಾತ್ರ. ಎರಡು ಚುಕ್ಕಿ ಎಷ್ಟೇ ಹತ್ತಿರವಿರಲಿ, ನಡುವೆ ಗೆರೆಯಿಲ್ಲದಿದ್ದರೆ ಹುಲಿ ಅಲ್ಲಿಗೆ ಜಿಗಿಯುವಂತಿಲ್ಲ. ಕಟ್ಟೆಯ ಕಲ್ಲು ಒರಟಾಗಿರಲಿ, ನುಣುಪಾಗಿರಲಿ, ಮನೆ ಸ್ವಲ್ಪ ಸೊಟ್ಟಗಿರಲಿ, ಆಟ ಕಿಂಚಿತ್ತೂ ಬದಲಾಗದು. ಒಂದು ಗೆರೆ ಅಳಿಸಿ ನೋಡಿ, ಇಡೀ ಆಟ ಬದಲಾಗುತ್ತದೆ.

ರಾಜ್ಯ ಗೆಲ್ಲುವ ಆಟದ ನಕ್ಷೆಯೂ ಅಷ್ಟೇ. ಪ್ರಾಂತವೆಂದರೆ ಚುಕ್ಕಿ, ಗಡಿಯೆಂದರೆ ಗೆರೆ. ಯಾರು ಯಾರಿಗೆ ತಾಗಿದ್ದಾರೆ ಎಂಬುದೊಂದೇ ಆಟಕ್ಕೆ ಬೇಕಾದ ಸಂಗತಿ. ಗಣಿತದವರಿಗೆ ಈ ದಾರಿ ಹಳೆಯದು. 1736ರಲ್ಲಿ ಆಯ್ಲರ್ ಎಂಬ ಗಣಿತಜ್ಞ ಕ್ಯೋನಿಗ್ಸ್‌ಬರ್ಗ್ ಊರಿನ ಏಳು ಸೇತುವೆಗಳ ಒಗಟನ್ನು ಬಿಡಿಸುವಾಗ ಊರಿನ ಉದ್ದಗಲ, ಬೀದಿಯ ತಿರುವು ಎಲ್ಲವನ್ನೂ ಬದಿಗಿಟ್ಟ. ನದಿ ಕತ್ತರಿಸಿದ ನಾಲ್ಕು ನೆಲ, ಅವನ್ನು ಕೂಡಿಸುವ ಏಳು ಸೇತುವೆ, ಇಷ್ಟನ್ನೇ ಲೆಕ್ಕಕ್ಕೆ ಇಟ್ಟುಕೊಂಡ. ನಾವೂ ಹಾಗೇ ಮಾಡೋಣ.

ಮೊದಲ ಅಭ್ಯಾಸ ಐದು ನಿಮಿಷದ್ದು. ಬೀದರ್ ಜಿಲ್ಲೆಯಲ್ಲಿ ಈಗ ಎಂಟು ತಾಲ್ಲೂಕುಗಳಿವೆ. ಕಮಲನಗರ, ಹುಲಸೂರ, ಚಿಟಗುಪ್ಪ ಇತ್ತೀಚಿನವು. ಅಭ್ಯಾಸಕ್ಕೆ ಅವುಗಳಿಗಿಂತ ಹಿಂದಿನ ಐದನ್ನೇ ತೆಗೆದುಕೊಳ್ಳಿ: ಬೀದರ್, ಭಾಲ್ಕಿ, ಔರಾದ್, ಹುಮನಾಬಾದ್, ಬಸವಕಲ್ಯಾಣ. ಹಾಳೆಯ ಮೇಲೆ ಐದು ಚುಕ್ಕಿ ಇಡಿ. ಮೇಲೆ ಔರಾದ್, ಬಲಕ್ಕೆ ಬೀದರ್, ಕೆಳಗೆ ಹುಮನಾಬಾದ್, ಎಡಕ್ಕೆ ಬಸವಕಲ್ಯಾಣ, ನಡುವೆ ಭಾಲ್ಕಿ. ಗಡಿ ಹಂಚಿಕೊಂಡ ತಾಲ್ಲೂಕುಗಳ ನಡುವೆ ಗೆರೆ ಎಳೆಯಿರಿ. ಔರಾದಿಗೆ ಭಾಲ್ಕಿ ಮತ್ತು ಬೀದರ್ ಎರಡೇ ನೆರೆ. ಬಸವಕಲ್ಯಾಣಕ್ಕೆ ಭಾಲ್ಕಿ ಮತ್ತು ಹುಮನಾಬಾದ್. ಬೀದರಿಗೆ ಮೂರು, ಹುಮನಾಬಾದಿಗೆ ಮೂರು. ಭಾಲ್ಕಿಗೆ? ಉಳಿದ ನಾಲ್ಕೂ. ಒಟ್ಟು ಏಳು ಗೆರೆ.

ಹಾಳೆಯನ್ನು ಸ್ವಲ್ಪ ದೂರ ಹಿಡಿದು ನೋಡಿ. ಭಾಲ್ಕಿಯಲ್ಲಿ ಕೂತವನು ಯಾವ ಕಡೆಗಾದರೂ ಹೊರಡಬಹುದು, ಯಾವ ಕಡೆಯಿಂದಾದರೂ ಪೆಟ್ಟು ತಿನ್ನಬಹುದು. ಔರಾದಿನಲ್ಲಿ ಕೂತವನಿಗೆ ಕಾಯುವ ಕೆಲಸ ಕಡಿಮೆ, ಆದರೆ ಹೊರಬರುವ ದಾರಿಯೂ ಕಡಿಮೆ. ಇನ್ನೂ ಒಂದು ಕಾಳು ಇಟ್ಟಿಲ್ಲ, ದಾಳ ಉರುಳಿಲ್ಲ. ಆಟದ ಅರ್ಧ ಗುಣ ಆಗಲೇ ಹಾಳೆಯ ಮೇಲಿದೆ. ಇದನ್ನು ಕಂಡ ದಿನ ನನಗೆ ಈ ಹುಚ್ಚು ಹಿಡಿಯಿತು.

ಇಲ್ಲೊಂದು ಮಾತು ಸೇರಿಸಬೇಕು. ಗೆರೆಗಳು ಭೂಮಿಯ ಮೇಲೆ ತಾವಾಗಿ ಮೂಡುವುದಿಲ್ಲ, ಯಾರೋ ಕೂತು ಎಳೆಯುತ್ತಾರೆ. ನಮ್ಮ ಜಿಲ್ಲೆಗಿಂತ ಒಳ್ಳೆಯ ಸಾಕ್ಷಿ ಬೇಡ. ಹೈದರಾಬಾದ್ ಸಂಸ್ಥಾನದ ಬೀದರ್ ಜಿಲ್ಲೆಯಲ್ಲಿ ಉದಗೀರ, ನಿಲಂಗಾ, ಅಹ್ಮದಪುರ, ಜಹೀರಾಬಾದ್, ನಾರಾಯಣಖೇಡ ಎಲ್ಲವೂ ಇದ್ದವು. 1956ರ ನವೆಂಬರ್ 1ರಂದು ರಾಜ್ಯಗಳು ಮರುವಿಂಗಡಣೆಯಾದಾಗ ಮೊದಲ ಮೂರು ಮುಂಬೈ ರಾಜ್ಯಕ್ಕೆ ಹೋದವು, ಕೊನೆಯ ಎರಡು ಆಂಧ್ರಕ್ಕೆ. ಅದರಲ್ಲೂ ಸೂಕ್ಷ್ಮವಿದೆ: ಜಹೀರಾಬಾದ್ ತಾಲ್ಲೂಕು ಹೋದರೂ ಅದರ ನಿರ್ಣಾ ಸರ್ಕಲ್ ಇತ್ತ ಉಳಿಯಿತು, ಬೀದರ್ ತಾಲ್ಲೂಕು ಉಳಿದರೂ ಅದರ ನ್ಯಾಲಕಲ್ ಸರ್ಕಲ್ ಅತ್ತ ಹೋಯಿತು. ಸರ್ಕಲ್ ಎಂದರೆ ಕಂದಾಯ ಇಲಾಖೆ ಒಂದಿಷ್ಟು ಹಳ್ಳಿಗಳನ್ನು ಸೇರಿಸಿ ಮಾಡಿದ ಗುಂಪು. ಹೀಗೆ ಸರ್ಕಲ್ಲಿಗೊಂದರಂತೆ ಕೂತು ನಿರ್ಧರಿಸಿದ ಗೆರೆಯೊಳಗೆ ನಾವು ಬದುಕುತ್ತಿದ್ದೇವೆ. ಆದ್ದರಿಂದ ಆಟಕ್ಕಾಗಿ ನೀವು ಗಡಿಯನ್ನು ಒಂದಿಷ್ಟು ಸರಿಸಿದರೆ ಅಪರಾಧವೇನಿಲ್ಲ. ಏಕೆ ಸರಿಸಿದಿರಿ ಎಂದು ಕೇಳಿದರೆ ಉತ್ತರವಿರಬೇಕು, ಅಷ್ಟೇ.

ಈಗ ನಿಜವಾದ ನಕ್ಷೆ. ಎಷ್ಟು ಪ್ರಾಂತ ಬೇಕು? ಹೊಸಬರು ಯಾವಾಗಲೂ ಹೆಚ್ಚು ಬಯಸುತ್ತಾರೆ. ಜಿಲ್ಲೆಯ ಪ್ರತಿ ಹಳ್ಳಿಯೂ ಬೇಕು, ತಮ್ಮ ಅಜ್ಜಿಯ ಊರಂತೂ ಬೇಕೇ ಬೇಕು. ನನ್ನ ಸಲಹೆ, ಮೊದಲ ನಕ್ಷೆಗೆ ಹನ್ನೆರಡರಿಂದ ಇಪ್ಪತ್ತು. ಅದಕ್ಕಿಂತ ಕಡಿಮೆಯಾದರೆ ಆಟ ಹತ್ತು ನಿಮಿಷಕ್ಕೆ ಮುಗಿಯುತ್ತದೆ. ಹೆಚ್ಚಾದರೆ ತಪ್ಪು ಎಲ್ಲಿದೆಯೆಂದು ಹುಡುಕುವುದೇ ಕಷ್ಟ. ನಾನು ಹದಿನಾರು ಇಟ್ಟುಕೊಂಡಿದ್ದೇನೆ, ಮೂರು ‘ಸೀಮೆ’ಗಳಲ್ಲಿ. ಸೀಮೆಯೆಂದರೆ ಪ್ರಾಂತಗಳ ಗುಂಪು. ಇಡೀ ಸೀಮೆ ಒಬ್ಬರ ಕೈಗೆ ಬಂದರೆ ಅವರಿಗೆ ಪ್ರತಿ ಸರದಿಯಲ್ಲೂ ಹೆಚ್ಚುವರಿ ಕಾಳು. ಆ ಹೆಚ್ಚುವರಿಯನ್ನು ‘ಇನಾಮು’ ಎಂದು ಕರೆಯೋಣ. ನಿಜಾಮರ ಕಾಲದ ಇನಾಮು ಜಮೀನು ನಮ್ಮ ಕಡೆಯವರ ಬಾಯಲ್ಲಿ ಇನ್ನೂ ಇದೆ, ಹಾಗಾಗಿ ಮಕ್ಕಳಿಗೆ ವಿವರಿಸುವ ಗೋಜೇ ಬರಲಿಲ್ಲ.

ಔರಾದ್ ಸೀಮೆಯಲ್ಲಿ ಆರು ಪ್ರಾಂತ: ಔರಾದ್, ಸಂತಪುರ, ಚಿಂತಾಕಿ, ಠಾಣಾಕುಶನೂರ, ಕಮಲನಗರ, ದಾಬಕಾ. ಭಾಲ್ಕಿ ಸೀಮೆಯಲ್ಲಿ ಐದು: ಭಾಲ್ಕಿ, ಲಖನಗಾಂವ, ಸಾಯಿಗಾಂವ, ಖಟಕಚಿಂಚೋಳಿ, ಹಲಬರ್ಗಾ. ಬೀದರ್ ಸೀಮೆಯಲ್ಲೂ ಐದು: ಬೀದರ್, ಜನವಾಡ, ಕಮಠಾಣ, ಬಗದಲ್, ಮನ್ನಳ್ಳಿ. ಕಮಲನಗರ ಈಗ ಬೇರೆ ತಾಲ್ಲೂಕು ಎಂದು ನೀವು ತಿದ್ದುವ ಮೊದಲೇ ಹೇಳಿಬಿಡುತ್ತೇನೆ, ಆಟದಲ್ಲಿ ಅದು ಹಳೆಯ ಮನೆಯಲ್ಲೇ ಇದೆ.

ಹದಿನಾರು ಚುಕ್ಕಿ ಇಟ್ಟಿರಾ? ಇನ್ನು ಸೀಮೆಯೊಳಗಿನ ಗೆರೆಗಳು. ಔರಾದನ್ನು ಸಂತಪುರ, ಚಿಂತಾಕಿ, ಠಾಣಾಕುಶನೂರಕ್ಕೆ ಕೂಡಿಸಿ. ಸಂತಪುರದಿಂದ ಚಿಂತಾಕಿಗೆ ಒಂದು, ಠಾಣಾಕುಶನೂರಕ್ಕೆ ಒಂದು. ಠಾಣಾಕುಶನೂರದಿಂದ ಕಮಲನಗರಕ್ಕೆ, ದಾಬಕಾಕ್ಕೆ, ಕಮಲನಗರದಿಂದ ದಾಬಕಾಕ್ಕೆ. ಎಂಟಾಯಿತು. ಭಾಲ್ಕಿಯಿಂದ ತನ್ನ ಸೀಮೆಯ ನಾಲ್ಕೂ ಪ್ರಾಂತಗಳಿಗೆ ಗೆರೆ. ಆಮೇಲೆ ಲಖನಗಾಂವ–ಸಾಯಿಗಾಂವ, ಸಾಯಿಗಾಂವ–ಖಟಕಚಿಂಚೋಳಿ, ಖಟಕಚಿಂಚೋಳಿ–ಹಲಬರ್ಗಾ. ಏಳು. ಬೀದರಿನಿಂದಲೂ ತನ್ನ ನಾಲ್ಕಕ್ಕೆ. ಜೊತೆಗೆ ಕಮಠಾಣ–ಬಗದಲ್, ಬಗದಲ್–ಮನ್ನಳ್ಳಿ. ಆರು. ಇವು ಸರ್ವೆ ಇಲಾಖೆಯ ಹದ್ದುಬಸ್ತು ಗೆರೆಗಳಲ್ಲ, ಆಟಕ್ಕೆ ಒಗ್ಗುವಂತೆ ನಾನು ಎಳೆದವು.

ಸೀಮೆ ಸೀಮೆಗಳ ನಡುವಿನ ಗೆರೆ ಎಳೆಯುವಾಗ ಮಾತ್ರ ನಿಧಾನಿಸಿ. ಇಲ್ಲಿ ನೆಲ ನಿಮಗೆ ಸಹಾಯ ಮಾಡುತ್ತದೆ. ಬೀದರಿನಿಂದ ಔರಾದಿಗೆ ಹೋಗುವ ಬಸ್ಸು ಜನವಾಡ ದಾಟಿ, ಕೌಠಾ ಹತ್ತಿರ ಮಾಂಜ್ರಾ ಸೇತುವೆ ಹತ್ತಿ, ಸಂತಪುರದ ಕಡೆಗೆ ಸಾಗುತ್ತದೆ. ಕಿಟಕಿಯ ಪಕ್ಕ ಕೂತವರಿಗೆ ಗೊತ್ತು, ಆಚೆ ದಡ ಕಣ್ಣಿಗೆ ಎಷ್ಟು ಹತ್ತಿರವಿದ್ದರೂ ಸೇತುವೆಯಿಲ್ಲದ ಕಡೆ ಅದು ದೂರವೇ. ನಮ್ಮ ನಕ್ಷೆಯಲ್ಲೂ ಮಾಂಜ್ರಾವನ್ನು ನೀಲಿ ಪಟ್ಟಿಯಾಗಿ ಎಳೆದು, ದಾಟುವ ಕಡೆ ಮಾತ್ರ ಸೇತುವೆಯ ಗುರುತು ಹಾಕುತ್ತೇವೆ: ಜನವಾಡ–ಸಂತಪುರ, ಒಂದು ಗೆರೆ. ಕಾರಂಜಾ ಜಲಾಶಯದ ನೀರನ್ನು ಖಟಕಚಿಂಚೋಳಿ ಮತ್ತು ಕಮಠಾಣಗಳ ನಡುವೆ ಅಡ್ಡ ಹರಡಿಬಿಟ್ಟೆ, ಅಲ್ಲಿ ಗೆರೆಯಿಲ್ಲ. ಬೀದರಿನಿಂದ ಹೊರಟ ರೈಲು ಹಲಬರ್ಗಾ, ಭಾಲ್ಕಿ, ಕಮಲನಗರ ಮುಟ್ಟಿ ಉದಗೀರದ ಕಡೆ ಹೋಗುತ್ತದಲ್ಲ, ಆ ಹಳಿಯೇ ನಮಗೆ ಇನ್ನೆರಡು ಗೆರೆ: ಬೀದರ್–ಹಲಬರ್ಗಾ, ಭಾಲ್ಕಿ–ಕಮಲನಗರ. ಕೊನೆಯದಾಗಿ ಹಲಬರ್ಗಾ–ಜನವಾಡ. ಒಟ್ಟು ನಾಲ್ಕು.

ಎಲ್ಲ ಸೇರಿ 25 ಗೆರೆ. ಪ್ರತಿ ಗೆರೆಗೆ ಎರಡು ತುದಿ, ಅಂದರೆ 50 ತುದಿ. ಅದನ್ನು 16ರಿಂದ ಭಾಗಿಸಿದರೆ ಒಂದು ಪ್ರಾಂತಕ್ಕೆ ಸರಾಸರಿ ಮೂರು ನೆರೆಗಿಂತ ತುಸು ಹೆಚ್ಚು. ಈ ಲೆಕ್ಕವನ್ನು ನೀವು ಪ್ರತಿ ನಕ್ಷೆಗೂ ಮಾಡಿ. ಸರಾಸರಿ ಎರಡರ ಹತ್ತಿರವಿದ್ದರೆ ನಕ್ಷೆ ಓಣಿಯಂತಾಗಿದೆ, ಒಬ್ಬನ ಹಿಂದೊಬ್ಬ ಸಾಲು ನಿಲ್ಲಬೇಕು. ಐದರ ಹತ್ತಿರ ಹೋಯಿತೋ, ಸಂತೆ. ಯಾರೂ ಯಾವುದನ್ನೂ ಕಾಯಲಾರರು. ಒಂದೇ ಗೆರೆಯ ಪ್ರಾಂತವನ್ನು ಮೊದಲ ನಕ್ಷೆಯಲ್ಲಿ ಇಡಲೇಬೇಡಿ. ಅದು ಹಿಂಬಾಗಿಲಿಲ್ಲದ ಕೋಣೆ, ಒಳಗೆ ಹೋದ ಪಡೆ ಅಲ್ಲೇ ಕೂತು ತೂಕಡಿಸುತ್ತದೆ.

‘ಬಾಗಿಲು’ ಎಂಬ ಮಾತನ್ನು ಈಗ ಕಲಿಯೋಣ. ಹಳೆಯ ಬೀದರ್ ನಗರದ ಗೋಡೆಗೆ ಐದು ದರ್ವಾಜಾಗಳು: ಶಾಹಗಂಜ್, ಫತೇ, ಮಂಗಲಪೇಟೆ, ದುಲ್ಹನ್, ತಾಲಘಾಟ್. ಗೋಡೆ ಎಷ್ಟು ಉದ್ದವಿದ್ದರೇನು, ಶತ್ರು ಬರಬೇಕಾದ್ದು ಇವುಗಳಿಂದ, ಕಾವಲು ನಿಲ್ಲಬೇಕಾದ್ದೂ ಇಲ್ಲೇ. ನಕ್ಷೆಯಲ್ಲೂ ಒಂದು ಸೀಮೆಯ ಬಾಗಿಲೆಂದರೆ ಹೊರಗಿನವರು ಒಳಬರಬಹುದಾದ ಪ್ರಾಂತ. ಔರಾದ್ ಸೀಮೆಗೆ ಬಾಗಿಲು ಎರಡು: ಸಂತಪುರ, ಕಮಲನಗರ. ಉಳಿದ ನಾಲ್ಕು ಪ್ರಾಂತಗಳಲ್ಲಿ ಒಂದೊಂದೇ ಕಾಳು ಬಿಟ್ಟು ನೀವು ನಿಶ್ಚಿಂತೆಯಿಂದ ಇರಬಹುದು.

ನನ್ನ ಮೊದಲ ನಕ್ಷೆಯಲ್ಲಿ ಭಾಲ್ಕಿ–ಕಮಲನಗರ ಗೆರೆ ಇರಲಿಲ್ಲ. ನದಿಗೆ ಒಂದೇ ಸೇತುವೆ ಇದ್ದರೆ ಚೆಂದ ಎನಿಸಿತ್ತು. ಮೇಲಾಗಿ ಔರಾದ್ ಸೀಮೆ ದೊಡ್ಡದೆಂದು ನಾಲ್ಕು ಕಾಳು ಇನಾಮು ಇಟ್ಟೆ. ಪಡಸಾಲೆಯ ನೆಲದ ಮೇಲೆ ಸೀಮೆಸುಣ್ಣದಿಂದ ನಕ್ಷೆ ಬರೆದು ಮಕ್ಕಳನ್ನು ಕೂರಿಸಿದೆ. ಔರಾದ್ ಕಡೆಯ ಹುಡುಗನೊಬ್ಬ ಸದ್ದಿಲ್ಲದೆ ತನ್ನೂರ ಸೀಮೆಯನ್ನು ಹಿಡಿದು, ಸಂತಪುರದಲ್ಲಿ ತೊಗರಿ ಕಾಳಿನ ಗುಡ್ಡೆ ಹಾಕಿ, ಗೋಡೆಗೆ ಒರಗಿ ಕೂತ. ಬೀದರ್, ಭಾಲ್ಕಿಯವರು ಪರಸ್ಪರ ಹೊಡೆದಾಡಿ ಸವೆದರು. ಅರ್ಧ ಗಂಟೆಯಲ್ಲಿ ಅವನ ಗುಡ್ಡೆ ಸಂತಪುರದ ಹೆಸರನ್ನೇ ಮುಚ್ಚಿತ್ತು. ಎರಡನೇ ಆಟದಲ್ಲಿ ಎಲ್ಲರೂ ಔರಾದಿಗೇ ಓಡಿದರು. ಮೂರನೆಯದಕ್ಕೆ ಒಬ್ಬಳು ದಾಳ ಕೆಳಗಿಟ್ಟು ಹೇಳಿದಳು: “ಸರ, ಔರಾದಿಗಿ ಹೋಗ್ಲಾಕ ಒಂದೇ ದಾರಿ ಅದ. ಮೊದಲ ಯಾರ್ ಹೋಗ್ತಾರ ಅವರೇ ಗೆಲ್ತಾರ. ಹಿಂಗಾದ್ರ ಆಡೋದ್ಯಾಕ್ರಿ?”

ಅವಳ ಮಾತು ಸರಿ. ಯಾವ ಸೀಮೆ ಹಿಡಿದರೆ ಗೆಲ್ಲುತ್ತೇವೆಂದು ಮೊದಲ ಸರದಿಗೇ ಎಲ್ಲರಿಗೂ ಗೊತ್ತಾಗುವ ನಕ್ಷೆ ಕೆಟ್ಟ ನಕ್ಷೆ. ಚಿತ್ರ ಎಷ್ಟೇ ಸೊಗಸಾಗಿರಲಿ, ಈ ತೀರ್ಪಿನಲ್ಲಿ ನನಗೆ ರಾಜಿಯಿಲ್ಲ. ನಾನು ಅಲ್ಲೇ ಸೀಮೆಸುಣ್ಣ ತೆಗೆದುಕೊಂಡು ಭಾಲ್ಕಿಯಿಂದ ಕಮಲನಗರಕ್ಕೆ ರೈಲು ಹಳಿ ಎಳೆದೆ. ಔರಾದಿನ ಹುಡುಗ ಬಹಳ ಬೇಜಾರು ಮಾಡಿಕೊಂಡ.

ರಿಸ್ಕ್ ಆಡಿದವರಿಗೆ ಇದೇ ದೂರು ಆಸ್ಟ್ರೇಲಿಯಾದ ಮೇಲಿದೆ. ಅದರಲ್ಲಿ ನಾಲ್ಕು ಪ್ರಾಂತ, ಇನಾಮು ಎರಡು ಪಡೆ. ದಕ್ಷಿಣ ಅಮೆರಿಕಕ್ಕೂ ನಾಲ್ಕು ಪ್ರಾಂತ, ಇನಾಮು ಎರಡೇ. ಆದರೆ ದಕ್ಷಿಣ ಅಮೆರಿಕಕ್ಕೆ ಬಾಗಿಲು ಎರಡು, ಆಸ್ಟ್ರೇಲಿಯಾಕ್ಕೆ ಒಂದು. ಅನುಭವಿಗಳು ಮೊದಲು ಯಾವುದಕ್ಕೆ ಕೈಹಾಕುತ್ತಾರೆಂದು ನೀವೀಗ ಊಹಿಸಬಲ್ಲಿರಿ. ಹಾಗಾದರೆ ಇನಾಮು ನಿಗದಿ ಮಾಡುವಾಗ ಎರಡು ಪ್ರಶ್ನೆ ಕೇಳಿಕೊಳ್ಳಿ: ಈ ಸೀಮೆಯನ್ನು ಗೆಲ್ಲಲು ಎಷ್ಟು ಪ್ರಾಂತ ಹಿಡಿಯಬೇಕು? ಗೆದ್ದ ಮೇಲೆ ಎಷ್ಟು ದಾರಿ ಕಾಯಬೇಕು? ನನ್ನ ಅನುಭವದಲ್ಲಿ ಎರಡನೆಯದರ ತೂಕ ಹೆಚ್ಚು. ಹಿಡಿಯುವ ಕಷ್ಟ ಒಮ್ಮೆ ಪಡುವುದು, ಕಾಯುವ ಕಷ್ಟ ಪ್ರತಿ ಸರದಿಗೂ. ಔರಾದಿಗೆ ಹೊರಗಿನಿಂದ ಎರಡು ದಾರಿ. ಭಾಲ್ಕಿ ಸೀಮೆಗೆ ಮೂರು: ಕಮಲನಗರದಿಂದ ಭಾಲ್ಕಿಗೆ ಒಂದು, ಬೀದರ್ ಮತ್ತು ಜನವಾಡದಿಂದ ಹಲಬರ್ಗಾಕ್ಕೆ ಎರಡು. ಬೀದರ್ ಸೀಮೆಗೂ ಮೂರು: ಹಲಬರ್ಗಾದಿಂದ ಬೀದರಿಗೆ, ಹಲಬರ್ಗಾದಿಂದ ಜನವಾಡಕ್ಕೆ, ಸಂತಪುರದಿಂದ ಜನವಾಡಕ್ಕೆ. ಆದ್ದರಿಂದ ಔರಾದಿಗೆ 2, ಉಳಿದೆರಡಕ್ಕೆ 3 ಎಂದು ಬರೆದುಕೊಳ್ಳಿ. ಪೆನ್ಸಿಲ್ಲಿನಲ್ಲೇ ಬರೆಯಿರಿ, ಒಂದು ಬದಲಾಗಲಿದೆ.

ದಾಳದ ನಿಯಮವನ್ನು ಆದಷ್ಟು ಸರಳವಾಗಿಟ್ಟುಕೊಳ್ಳೋಣ. ದಾಳಿ ಮಾಡುವವರು ಒಂದು ದಾಳ, ಕಾಯುವವರು ಒಂದು ದಾಳ ಹಾಕುತ್ತಾರೆ. ದಾಳಿಯವರ ಸಂಖ್ಯೆ ದೊಡ್ಡದಾದರೆ ಕಾಯುವವರ ಒಂದು ಕಾಳು ಹೋಯಿತು. ಸಮವಾದರೂ ಚಿಕ್ಕದಾದರೂ ದಾಳಿಯವರದೇ ಒಂದು ಹೋಯಿತು. ಎರಡು ದಾಳ ಬೀಳುವ ಬಗೆಗಳು ಒಟ್ಟು 36. ಅದರಲ್ಲಿ ದಾಳಿಯವರ ಸಂಖ್ಯೆ ದೊಡ್ಡದಾಗುವುದು 15 ಬಗೆಗಳಲ್ಲಿ, ಉಳಿದ 21 ಕಾಯುವವರ ಪಾಲು. ನಂಬಿಕೆಯಾಗದಿದ್ದರೆ ಆರಡ್ಡ ಆರು ಚೌಕದ ಮನೆ ಬರೆದು ಎಣಿಸಿ ನೋಡಿ; ನನ್ನ ಮಕ್ಕಳೂ ನಂಬಿರಲಿಲ್ಲ. ದಾಳಿಗೆ ಹೊರಡುವವರು ಎದುರಾಳಿಗಿಂತ ಹೆಚ್ಚು ಕಾಳು ಕೂಡಿಸಿಕೊಂಡೇ ಹೊರಡಬೇಕೆಂಬುದು ಇದರಿಂದ ತಾನಾಗಿ ಬರುತ್ತದೆ.

ಇನ್ನು ಕೋಟೆ. ಬೀದರಿನ ನಕ್ಷೆಯಲ್ಲಿ ಕೋಟೆಗೆ ಏನೂ ಬೆಲೆಯಿಲ್ಲವೆಂದರೆ ಊರಿನವರು ನಿಮ್ಮನ್ನು ಸುಮ್ಮನೆ ಬಿಡುವುದಿಲ್ಲ. ಬಹಮನಿ ಸುಲ್ತಾನ ಅಹ್ಮದ್ ಶಾಹ ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದು ಕಟ್ಟಿಸಿದ್ದು, ಕೆಂಪು ಜಂಬಿಟ್ಟಿಗೆ ಬಂಡೆಯಲ್ಲೇ ಕೊರೆದ ಮೂರು ಸಾಲಿನ ಕಂದಕ ಇರುವಂಥದ್ದು. ಆದ್ದರಿಂದ ಬೀದರ್ ಪ್ರಾಂತಕ್ಕೆ ಒಂದೇ ಒಂದು ವಿಶೇಷ ನಿಯಮ: ಅದರ ಮೇಲೆ ದಾಳಿ ಮಾಡುವವರ ದಾಳದ ಸಂಖ್ಯೆ ಕಾಯುವವರದಕ್ಕಿಂತ ಕನಿಷ್ಠ ಎರಡು ಹೆಚ್ಚಿರಬೇಕು. ಆಗ 36ರಲ್ಲಿ 15 ಇದ್ದದ್ದು 10ಕ್ಕೆ ಇಳಿಯುತ್ತದೆ. ಕೋಟೆ ಗಟ್ಟಿಯಾಯಿತು, ಆದರೂ ಬೀಳಬಲ್ಲದು. ನಿಜದ ಕೋಟೆಯೂ ಬಿದ್ದಿತ್ತು. 1657ರಲ್ಲಿ ಔರಂಗಜೇಬನ ಮುತ್ತಿಗೆಗೆ, ಒಳಗಿದ್ದ ಮದ್ದಿಗೆ ಬೆಂಕಿ ತಗುಲಿದ ಮೇಲೆ, ಅದು ಒಂದು ತಿಂಗಳೂ ನಿಲ್ಲಲಿಲ್ಲ. ಈಗ ಇನಾಮಿನ ಹಾಳೆಗೆ ಹಿಂದಿರುಗಿ. ಕೋಟೆಯ ಬಲ ಕೊಟ್ಟ ಮೇಲೆ ಬೀದರ್ ಸೀಮೆಗೆ 3 ಇನಾಮು ಹೆಚ್ಚಾಯಿತು. ಅಳಿಸಿ 2 ಮಾಡಿ. ವಿಶೇಷ ನಿಯಮಗಳು ಖಾರದ ಪುಡಿ ಇದ್ದಂತೆ, ಮೊದಲ ನಕ್ಷೆಗೆ ಒಂದು ಚಿಟಿಕೆ ಸಾಕು. ಮಾಂಜ್ರಾದ ಪ್ರವಾಹ, ದೇವಣಿ ಎತ್ತಿನ ಗಾಡಿ, ಗುಪ್ತ ಸುರಂಗ ಎಲ್ಲವೂ ಮಕ್ಕಳ ತಲೆಯಲ್ಲಿ ಹುಟ್ಟುತ್ತವೆ. ಎರಡನೇ ನಕ್ಷೆಗೆ ಎಂದು ಹೇಳಿ ಬರೆದಿಡಿ.

ಆರಂಭವೂ ನಕ್ಷೆಯದೇ ಭಾಗ. ಮೂವರು ಆಡುವಾಗ ಹದಿನಾರು ಸಮನಾಗಿ ಹಂಚುವುದಿಲ್ಲ, ಒಂದು ಉಳಿಯುತ್ತದೆ. ಅದು ಭಾಲ್ಕಿಯಾಗಿರಲಿ. ಯಾರಿಗೂ ಸೇರದ ಮೂರು ಬೆಣಚುಕಲ್ಲುಗಳನ್ನು ಅಲ್ಲಿ ಕಾವಲಿಗಿಡಿ. ಐದು ಕಡೆಗೆ ದಾರಿಯಿರುವ ನಡುಮನೆ ಆಟದ ಶುರುವಿನಲ್ಲೇ ಒಬ್ಬರಿಗೆ ಸಿಕ್ಕರೆ ಉಳಿದಿಬ್ಬರಿಗೆ ಮೊದಲ ನಿಮಿಷದಿಂದಲೇ ಮುನಿಸು. ಉಳಿದ ಹದಿನೈದು ಹೆಸರುಗಳನ್ನು ಚೀಟಿ ಬರೆದು ಎತ್ತಿ, ತಲೆಗೆ ಐದರಂತೆ ಹಂಚಿ, ಪ್ರತಿ ಪ್ರಾಂತದಲ್ಲಿ ಎರಡು ಕಾಳು ಇಡಿ. ಸರದಿಗೆ ಮೂರು ಹೊಸ ಕಾಳು. ಮೊದಲು ಆಡುವವರಿಗೆ ಆ ಒಂದು ಸರದಿ ಮಾತ್ರ ಎರಡು, ಏಕೆಂದರೆ ಮೊದಲ ಏಟು ಹಾಕುವುದೇ ಒಂದು ಲಾಭ. ಹದಿನಾರನ್ನೂ ಗೆಲ್ಲುವವರೆಗೆ ಆಡಿಸಬೇಡಿ. ಸೋತವರು ಗಂಟೆಗಟ್ಟಲೆ ಕೈಕಟ್ಟಿ ಕೂರಬೇಕಾಗುತ್ತದೆ. ಆಲನ್ ಕ್ಯಾಲ್ಹಮರ್ ಎಂಬಾತ 1959ರಲ್ಲಿ ಹೊರತಂದ ‘ಡಿಪ್ಲೊಮಸಿ’ ಆಟದಲ್ಲಿ 34 ಮುಖ್ಯ ನೆಲೆಗಳಿವೆ, 18 ಹಿಡಿದರೆ ಗೆದ್ದಂತೆ. ಅರ್ಧಕ್ಕಿಂತ ಒಂದು ಹೆಚ್ಚು. ನಮ್ಮಲ್ಲಿ ಹತ್ತು ಹಿಡಿದವರು ಗೆದ್ದರು ಎನ್ನೋಣ. ಐದರಿಂದ ಹತ್ತು, ಹೊರಟದ್ದರ ದುಪ್ಪಟ್ಟು.

ನಡುವೆ ಕೂತವರೇ ಮೊದಲು ಸಾಯುತ್ತಾರೆಯೇ ಎಂದು ನೀವು ಕೇಳಬಹುದು. ಇತಿಹಾಸ ಇದಕ್ಕೆ ಸ್ವಾರಸ್ಯದ ಉತ್ತರ ಕೊಡುತ್ತದೆ. ಬಹಮನಿ ರಾಜ್ಯ ಒಡೆದು ಐದಾದಾಗ ಬೀದರಿನ ಬರೀದ್ ಶಾಹಿಗಳಿಗೆ ಸಿಕ್ಕಿದ್ದು ಸಣ್ಣ ತುಂಡು. ಪಶ್ಚಿಮಕ್ಕೆ ಅಹ್ಮದ್‌ನಗರ, ದಕ್ಷಿಣಕ್ಕೆ ಬಿಜಾಪುರ, ಪೂರ್ವಕ್ಕೆ ಗೋಲ್ಕೊಂಡ. ಬೀರಾರ್ ಉತ್ತರದ ಅಂಚಿನಲ್ಲಿತ್ತು. ನಕ್ಷೆ ನೋಡಿದರೆ ಬೀದರ್ ಮೊದಲು ಹೋಗಬೇಕಿತ್ತು. ಹೋದದ್ದು ಬೀರಾರ್, 1574ರಲ್ಲಿ, ಅಹ್ಮದ್‌ನಗರದ ಬಾಯಿಗೆ. ಬೀದರ್ ಮತ್ತೂ 45 ವರ್ಷ ಉಳಿದು 1619ರಲ್ಲಿ ಬಿಜಾಪುರದ ಪಾಲಾಯಿತು. ಮೂರು ದೊಡ್ಡವರ ನಡುವಿನ ಸಣ್ಣವನನ್ನು ಯಾರೊಬ್ಬರು ನುಂಗಲು ಹೋದರೂ ಉಳಿದಿಬ್ಬರು ಎಚ್ಚರಾಗುತ್ತಾರೆ. ನಿಮ್ಮ ಆಟದಲ್ಲೂ ಇದನ್ನು ಕಾಣುವಿರಿ. ಹಲಬರ್ಗಾ ಹಿಡಿದ ದುರ್ಬಲನನ್ನು ಇಬ್ಬರೂ ಬಲಿಷ್ಠರು ಬೇಕೆಂದೇ ಉಳಿಸಿಕೊಳ್ಳುತ್ತಾರೆ. ಅದನ್ನು ನಕ್ಷೆಯಲ್ಲಿ ಬರೆಯಲಾಗದು, ಅದಕ್ಕೆ ಜಾಗ ಬಿಡಬಹುದಷ್ಟೇ.

ಇಷ್ಟಾದ ಮೇಲೆ ಬಣ್ಣ. ಒಂದು ಸೀಮೆಗೆ ಒಂದು ಬಣ್ಣ, ತಾಗಿದ ಸೀಮೆಗಳಿಗೆ ಬೇರೆ ಬೇರೆ. ಮೂರು ಸೀಮೆಗಳೂ ಒಂದಕ್ಕೊಂದು ತಾಗಿರುವುದರಿಂದ ಮೂರು ಬಣ್ಣ ಬೇಕು. ಮುಂದೆ ಹುಮನಾಬಾದ್ ಸೇರಿಸಿದರೆ? ಅದು ಔರಾದಿಗೆ ತಾಗುವುದಿಲ್ಲ, ಔರಾದಿನ ಬಣ್ಣವನ್ನೇ ಕೊಡಿ. ಬಸವಕಲ್ಯಾಣ ಬೀದರಿಗೆ ತಾಗುವುದಿಲ್ಲ, ಬೀದರಿನ ಬಣ್ಣ ನಡೆಯುತ್ತದೆ. ಐದಕ್ಕೂ ಮೂರೇ ಸಾಕಾಯಿತು. ತುಂಡು ತುಂಡಾಗಿ ಚದುರದ ಪ್ರದೇಶಗಳ ಯಾವ ನಕ್ಷೆಗಾದರೂ ನಾಲ್ಕು ಬಣ್ಣ ಸಾಕೆಂದು 1852ರಲ್ಲಿ ಇಂಗ್ಲೆಂಡಿನ ಕೌಂಟಿಗಳಿಗೆ ಬಣ್ಣ ತುಂಬುತ್ತ ಫ್ರಾನ್ಸಿಸ್ ಗುತ್ರಿ ಊಹಿಸಿದ್ದ. ಸಾಧಿಸಿ ತೋರಿಸಲು 1976ರವರೆಗೆ ಕಾಯಬೇಕಾಯಿತು, ಕಂಪ್ಯೂಟರಿನ ನೆರವೂ ಬೇಕಾಯಿತು. ಬಣ್ಣ ತೆಳುವಾಗಿರಲಿ, ಮೇಲೆ ಕಾಳು ಕಾಣಬೇಕು, ಹೆಸರು ಓದಬೇಕು. ಹೆಸರನ್ನು ಪ್ರಾಂತದ ಮೇಲಂಚಿಗೆ ಬರೆಯಿರಿ. ನಡುವೆ ಬರೆದರೆ ಸಂತಪುರಕ್ಕೆ ಆದ ಗತಿಯೇ ಆಗುತ್ತದೆ.

ಆಮೇಲೆ ಆಡಿಸಿ. ನೀವು ಆಡಬೇಡಿ, ಪಕ್ಕದಲ್ಲಿ ಕೂತು ನೋಡಿ. ಯಾರೂ ಕಾಲಿಡದ ಪ್ರಾಂತ ಯಾವುದು, “ಇದು ಅದಕ್ಕ ಹತ್ಯದೇನ್ರಿ?” ಎಂದು ಎಲ್ಲಿ ಕೇಳಿದರು, ಗೆದ್ದವರು ಪ್ರತಿ ಸಲ ಒಂದೇ ಸೀಮೆಯಿಂದ ಹೊರಟರೇ, ಇವನ್ನು ಬರೆದುಕೊಳ್ಳಿ. ಒಂದು ಆಟಕ್ಕೆ ಒಂದೇ ತಿದ್ದುಪಡಿ. ಎರಡು ಒಟ್ಟಿಗೆ ಮಾಡಿದರೆ ಯಾವುದರಿಂದ ಏನಾಯಿತೆಂದು ಗೊತ್ತಾಗುವುದಿಲ್ಲ. ನನ್ನ ಈ ನಕ್ಷೆಯಲ್ಲಿ ಕಮಠಾಣ ಇನ್ನೂ ಮಂಕಾಗಿಯೇ ಇದೆ. ಜಲಾಶಯದ ಮೇಲೊಂದು ದೋಣಿ ದಾರಿ ಬಿಡಬೇಕೆಂದು ಮಕ್ಕಳು ಹಟ ಹಿಡಿದಿದ್ದಾರೆ, ನಾನು ಒಪ್ಪಿಲ್ಲ. ನೀವು ಬಿಟ್ಟು ನೋಡಿ, ಹೇಗಾಯಿತೆಂದು ತಿಳಿಸಿ.

ಮತ್ತೊಂದು ಮಾತು, ಕಾಳಿನ ಬಗ್ಗೆ. ತೊಗರಿ, ಕಡಲೆ, ಹುಣಸೆ ಬೀಜ ಒಳ್ಳೆಯವು. ಹೆಸರುಕಾಳು ಬೇಡ, ಫ್ಯಾನ್ ಹಾಕಿದರೆ ಗಡಿ ದಾಟಿಬಿಡುತ್ತದೆ.